ಕಾದಂಬರಿ ಬರೆಯಲು ಹೊರಟವರಿಗೆ: ಕಮ್ಮಟವೋ, ಸಂವಾದವೋ, ಊರಾಚೆಯ ಏಕಾಂತವೋ?

ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತ, ಮನೆ ನಡೆಸುತ್ತ, ಕನ್ನಡದಲ್ಲೊಂದು ಕಾದಂಬರಿ ಬರೆದೇ ತೀರಬೇಕೆಂದು ಹಟ ಹಿಡಿದವರು ಬಹಳ ಮಂದಿ ಇದ್ದಾರೆ. ಸಿಕ್ಕಾಗಲೆಲ್ಲ ಅವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ರಜೆ ಹಾಕಿ ಮಲೆನಾಡಿನ ಯಾವುದಾದರೂ ತೋಟದ ಮನೆಯಲ್ಲಿ ನಾಲ್ಕು ದಿನ ಕೂತು ಬರೆಯೋದಾ? ಬರೆದದ್ದನ್ನು ಒಟ್ಟಿಗೆ ಕೂತು ಓದಿ ಚರ್ಚಿಸುವ ಕಥಾ ಕಮ್ಮಟಕ್ಕೆ ಅರ್ಜಿ ಹಾಕೋದಾ? ಇಲ್ಲಾ ಇಲ್ಲೇ ಊರಲ್ಲಿ ನಡೆಯುವ ಪುಸ್ತಕ ಬಿಡುಗಡೆ, ಸಂವಾದ, ಸಾಹಿತ್ಯೋತ್ಸವಗಳಿಗೆ ಹೋಗಿ ಬರೆದವರ ಮಾತು ಕೇಳೋದಾ? ಮೂರಕ್ಕೂ ಹೋಗುವಷ್ಟು ಪುರುಸೊತ್ತು ಇದ್ದವರಿಗೆ ಈ ಬರಹ ಬೇಕಿಲ್ಲ. ರಜೆಯನ್ನೂ ದುಡ್ಡನ್ನೂ ಎಣಿಸಿ ಖರ್ಚು ಮಾಡಬೇಕಾದವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಸ್ತಪ್ರತಿ ಇವತ್ತು ಎಷ್ಟನೇ ಪುಟದಲ್ಲಿ ನಿಂತಿದೆ ಅಂತ ನೋಡಿಕೊಳ್ಳಿ. ಆಯ್ಕೆ ಅಲ್ಲಿಂದಲೇ ತೀರ್ಮಾನವಾಗುತ್ತದೆ. ಇನ್ನೂ ಒಂದು ಪುಟವೂ ಆಗಿಲ್ಲ ಎನ್ನುವವರು ಸಂವಾದಗಳಿಗೆ ಹೋಗಿ. ಇಪ್ಪತ್ತೋ ಐವತ್ತೋ ಪುಟ ಬರೆದು, ಇದು ಕಾದಂಬರಿ ಆಗುತ್ತದೋ ಇಲ್ಲವೋ ಎಂದು ತಿಳಿಯದೆ ನಿಂತವರು ಕಮ್ಮಟಕ್ಕೆ ಹೋಗಿ. ನೂರೈವತ್ತು ಪುಟ ದಾಟಿದ ಮೇಲೆ ದಾರಿ ತಪ್ಪಿದವರು ಮಾತ್ರ ಊರಾಚೆಗೆ ಹೋಗಿ ಒಬ್ಬರೇ ಕೂರಿ. ಈ ಕ್ರಮ ಹಿಂದುಮುಂದಾದಾಗ ರಜೆಯೂ ಹೋಗಿ ಹುಮ್ಮಸ್ಸೂ ಹೋಗಿ ಬರಿಗೈಯಲ್ಲಿ ವಾಪಸ್ಸಾದ ಗೆಳೆಯರನ್ನು ನೋಡಿದ್ದೇನೆ. ಅವರಲ್ಲಿ ನಿಜಕ್ಕೂ ಚೆನ್ನಾಗಿ ಬರೆಯಬಲ್ಲವರಿದ್ದರು, ಅದೇ ಬೇಸರ.

ಬಿಡುಗಡೆ ಬೇರೆ, ಸಂವಾದ ಬೇರೆ

ಬೆಂಗಳೂರಿನ ಕನ್ನಡ ಪುಸ್ತಕ ಬಿಡುಗಡೆಗೆ ಒಂದು ಸ್ಥಿರವಾದ ರೂಪವಿದೆ. ಭಾನುವಾರ ಬೆಳಗ್ಗೆ ಹತ್ತು, ಹತ್ತೂವರೆ. ಬಾಗಿಲ ಬಳಿ ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಪಕ್ಕದಲ್ಲಿ ಮೇಜು ಹಾಕಿಕೊಂಡು ಪ್ರಕಾಶಕರು ಕುಳಿತಿರುತ್ತಾರೆ, ಹೊಸ ಪುಸ್ತಕಕ್ಕೆ ಅವತ್ತು ರಿಯಾಯಿತಿ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಬಿಡುಗಡೆ, ಕೃತಿಯ ಬಗ್ಗೆ ಇಬ್ಬರು ಹಿರಿಯರ ಮಾತು. ಲೇಖಕರ ಸರದಿ ಬರುವ ಹೊತ್ತಿಗೆ ಗಂಟೆ ಹನ್ನೆರಡೂವರೆ ಆಗಿರುತ್ತದೆ. ಅವರು ಎಲ್ಲರಿಗೂ ಕೃತಜ್ಞತೆ ಹೇಳಿ ಐದು ನಿಮಿಷದಲ್ಲಿ ಕೂತುಬಿಡುತ್ತಾರೆ. ಈ ಸಮಾರಂಭಗಳನ್ನು ನಾನು ಪ್ರೀತಿಯಿಂದಲೇ ನೋಡುತ್ತೇನೆ. ಒಂದು ಊರಿನ ಓದುಗರು ತಮ್ಮ ಲೇಖಕರಿಗೆ ಕೊಡುವ ಮರ್ಯಾದೆ ಅದು. ಆದರೆ ಕಾದಂಬರಿ ಹೇಗೆ ಬರೆಯೋದು ಅಂತ ತಿಳಿಯುವ ಆಸೆಯಿಂದ ಹೋದವರಿಗೆ ಅಲ್ಲಿ ಸಿಗುವುದು ಕಡಿಮೆ. ವೇದಿಕೆಯ ಮೇಲಿನ ಮಾತು ಮುಗಿದ ಪುಸ್ತಕದ ಬಗ್ಗೆ ಇರುತ್ತದೆ, ನಿಮಗೆ ಬೇಕಾಗಿರುವುದು ಮುಗಿಯದೆ ಒದ್ದಾಡಿದ ದಿನಗಳ ಸುದ್ದಿ.

ಸಂವಾದದಲ್ಲಿ ಆ ಸುದ್ದಿ ಸಿಗುತ್ತದೆ. ಪುಸ್ತಕ ಬಂದು ಆರು ತಿಂಗಳೋ ವರ್ಷವೋ ಆದ ಮೇಲೆ, ಅದನ್ನು ಓದಿಕೊಂಡು ಬಂದ ಮೂವತ್ತು ಜನ ಲೇಖಕರ ಎದುರು ಕೂತು ಪ್ರಶ್ನೆ ಕೇಳುವ ಕಾರ್ಯಕ್ರಮ ಅದು. 'ಈ ಪಾತ್ರ ಇನ್ನೂರನೇ ಪುಟದ ಮೇಲೆ ಯಾಕೆ ಕಾಣಿಸುವುದಿಲ್ಲ?' ಎಂದು ಒಬ್ಬರು ಕೇಳುತ್ತಾರೆ. ಲೇಖಕರು ಕ್ಷಣ ಹೊತ್ತು ಸುಮ್ಮನಿದ್ದು, 'ಮೊದಲ ಕರಡಿನಲ್ಲಿ ಕೊನೆಯವರೆಗೂ ಇದ್ದಳು, ಅವಳನ್ನು ಇಟ್ಟುಕೊಂಡರೆ ಅಣ್ಣನ ಕಥೆ ನಡೆಯುತ್ತಿರಲಿಲ್ಲ' ಎನ್ನುತ್ತಾರೆ. ಇಂಥ ಒಂದು ಉತ್ತರ ಮನೆಗೆ ಹೋದ ಮೇಲೂ ತಲೆಯಲ್ಲಿ ಓಡುತ್ತಿರುತ್ತದೆ. ಆದ್ದರಿಂದ ಆಮಂತ್ರಣ ಪತ್ರಿಕೆ ಬಂದಾಗ ಅದರಲ್ಲಿ 'ಲೋಕಾರ್ಪಣೆ' ಎಂದಿದೆಯೋ 'ಸಂವಾದ' ಎಂದಿದೆಯೋ ನೋಡಿ. ಸಂವಾದವಾದರೆ ಪುಸ್ತಕವನ್ನು ಮೊದಲೇ ಓದಿಕೊಂಡು ಹೋಗಿ. ಓದದೆ ಹೋದವರಿಗೂ ಓದಿ ಹೋದವರಿಗೂ ಅಲ್ಲಿ ಕೇಳಿಸುವುದು ಬೇರೆಬೇರೆ.

ಎಲ್ಲಿ ಹುಡುಕಬೇಕು? ಕನ್ನಡದ ಮಟ್ಟಿಗೆ ಹಳೆಯ ಬೆಂಗಳೂರಿನ ದಕ್ಷಿಣ ಭಾಗವೇ ಈಗಲೂ ಮುಖ್ಯ. ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎನ್.ಆರ್. ಕಾಲೊನಿಯಲ್ಲಿದೆ. ಅದೇ ವರ್ಷ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿದೆ, ಅಲ್ಲಿ ಸಭಾಂಗಣದ ಜೊತೆ ಒಳ್ಳೆಯ ಗ್ರಂಥಾಲಯವೂ ಇದೆ. ಚಾಮರಾಜಪೇಟೆಯಲ್ಲಿ 1915ರ ಕನ್ನಡ ಸಾಹಿತ್ಯ ಪರಿಷತ್ತು, ಜೆ.ಸಿ. ರಸ್ತೆಯಲ್ಲಿ ಕನ್ನಡ ಭವನದ ನಯನ ಸಭಾಂಗಣ, ಬನಶಂಕರಿಯಲ್ಲಿ ಸುಚಿತ್ರಾ ಸಿನಿಮಾ ಮತ್ತು ಸಾಂಸ್ಕೃತಿಕ ಅಕಾಡೆಮಿ. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಥ ಅಂಗಡಿಗೆ ಆಗಾಗ ಹೋಗಿಬಂದರೆ ಯಾವ ವಾರ ಎಲ್ಲಿ ಏನಿದೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶ ಉಚಿತ, ಮೆಟ್ರೊದ ಹಸಿರು ಮಾರ್ಗ ಹಿಡಿದರೆ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಬಸವನಗುಡಿ ನಡೆದುಹೋಗುವಷ್ಟು ಹತ್ತಿರ.

ಊರಿನ ಆ ಕಡೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಅಟ್ಟ ಗಲಾಟ, ವಸಂತನಗರದ ಚಂಪಕ ಪುಸ್ತಕದಂಗಡಿಗಳು ಇವೆ. ಅಲ್ಲಿಯ ಕಾರ್ಯಕ್ರಮಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕನ್ನಡದವೂ ನಡೆಯುತ್ತವೆ. ಕನ್ನಡದಲ್ಲಿ ಬರೆಯುವವರು ಅಲ್ಲಿಗೆ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಲೇಖಕರ ಎದುರು ಒಬ್ಬರೇ ಕೂತು ಒಂದು ಗಂಟೆ ಪ್ರಶ್ನೆ ಕೇಳುವ ಪದ್ಧತಿ ಇದೆ. ಕರಡು ಎಷ್ಟು ಸಲ ತಿದ್ದಿದಿರಿ, ಸಂಪಾದಕರು ಏನು ಕಿತ್ತುಹಾಕಿದರು, ಸಂಶೋಧನೆಗೆ ಎಲ್ಲಿಗೆ ಹೋದಿರಿ ಎಂಬಂಥ ಕೆಲಸದ ಮಾತು ಹೆಚ್ಚು ಬರುತ್ತದೆ. ನಮ್ಮ ವೇದಿಕೆಗಳಲ್ಲಿ ಕೃತಿಯ ಆಶಯದ ಬಗ್ಗೆ ಇರುವಷ್ಟು ಆಸಕ್ತಿ ಅದನ್ನು ಕಟ್ಟಿದ ಕ್ರಮದ ಬಗ್ಗೆ ಇಲ್ಲ. ಆ ಕೊರತೆ ಅಲ್ಲಿ ಸ್ವಲ್ಪ ತುಂಬಿಕೊಳ್ಳುತ್ತದೆ.

ದೊಡ್ಡ ಉತ್ಸವಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರು ಸಾಹಿತ್ಯೋತ್ಸವ 2012ರಿಂದ ನಡೆಯುತ್ತಿದೆ, ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ, ಪ್ರವೇಶ ಉಚಿತ. ಬುಕ್ ಬ್ರಹ್ಮ ಸಾಹಿತ್ಯೋತ್ಸವ 2024ರ ಆಗಸ್ಟಿನಲ್ಲಿ ಕೋರಮಂಗಲದ ಸೇಂಟ್ ಜಾನ್ಸ್ ಸಭಾಂಗಣದಲ್ಲಿ ಶುರುವಾಯಿತು. ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳದ ಲೇಖಕರೂ ಒಂದೇ ಅಂಗಳದಲ್ಲಿ ಸಿಗುತ್ತಾರೆ. ಹಬ್ಬಕ್ಕೆ ಹೋಗುವ ಹಾಗೆ ಹೋಗಿಬನ್ನಿ. ಮೂರು ವೇದಿಕೆಗಳಿಗೆ ಓಡಾಡಿ ಆರು ಗೋಷ್ಠಿ ಕೇಳುವುದಕ್ಕಿಂತ, ಎರಡನ್ನೇ ಆರಿಸಿಕೊಂಡು ಕೇಳಿ, ಉಳಿದ ಹೊತ್ತು ಪುಸ್ತಕ ಮಳಿಗೆಗಳ ಬಳಿ ನಿಂತರೆ ಲಾಭ ಹೆಚ್ಚು. ಪಕ್ಕದ ಭಾಷೆಯಲ್ಲಿ ಈಗ ಎಂಥ ಕಾದಂಬರಿ ಬರುತ್ತಿದೆ, ಅದನ್ನು ಕನ್ನಡಕ್ಕೆ ತರುತ್ತಿರುವವರು ಯಾರು ಎನ್ನುವುದು ಅಲ್ಲಿ ಅರ್ಧ ದಿನದಲ್ಲಿ ತಿಳಿಯುತ್ತದೆ. ಹಸ್ತಪ್ರತಿಯನ್ನು ಮಾತ್ರ ಅಲ್ಲಿಗೆ ತೆಗೆದುಕೊಂಡು ಹೋಗಿ ಯಾರ ಕೈಗೂ ಕೊಡಬೇಡಿ. ಆ ಗದ್ದಲದಲ್ಲಿ ಅದನ್ನು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಕಮ್ಮಟ: ಎದುರಿಗೆ ಕೂತು ಕೇಳುವ ಕಿವಿಗಳು

ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಕಮ್ಮಟವನ್ನೇ ತೋರಿಸುತ್ತೇನೆ.

ಕರ್ನಾಟಕ ಸಾಹಿತ್ಯ ಅಕಾಡೆಮಿ ನಾಡಿನ ಬೇರೆಬೇರೆ ಊರುಗಳಲ್ಲಿ ಯುವ ಬರಹಗಾರರಿಗೆ ಕಮ್ಮಟ ನಡೆಸುತ್ತ ಬಂದಿದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಬರಹದ ಮಾದರಿಯೊಂದಿಗೆ ಅರ್ಜಿ ಹಾಕಬೇಕು, ಆಯ್ಕೆಯಾದವರಿಗೆ ಸಾಮಾನ್ಯವಾಗಿ ಊಟ, ವಸತಿಯ ವ್ಯವಸ್ಥೆ ಇರುತ್ತದೆ. 1979ರಲ್ಲಿ ಹುಟ್ಟಿದ ಕರ್ನಾಟಕ ಲೇಖಕಿಯರ ಸಂಘವೂ ಹೊಸದಾಗಿ ಬರೆಯುವ ಹೆಣ್ಣುಮಕ್ಕಳಿಗಾಗಿ ಕಮ್ಮಟ, ಗೋಷ್ಠಿಗಳನ್ನು ಮಾಡುತ್ತದೆ. ಮಕ್ಕಳನ್ನು, ಹಿರಿಯರನ್ನು ಬಿಟ್ಟು ಮೂರು ರಾತ್ರಿ ಹೊರಗೆ ಉಳಿಯುವುದು ಎಷ್ಟೋ ಜನರಿಗೆ ಸಾಧ್ಯವೇ ಇಲ್ಲ. ಅಂಥವರು ಊರಲ್ಲೇ ನಡೆಯುವ ಒಂದು ದಿನದ ಕಮ್ಮಟವನ್ನು ಕಡಿಮೆ ಎಂದುಕೊಳ್ಳಬಾರದು. ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಮನೆ ಸೇರಿದರೂ ಅಷ್ಟರಲ್ಲಿ ನಡೆಯಬೇಕಾದ್ದು ನಡೆದಿರುತ್ತದೆ.

ಅಲ್ಲಿ ಏನು ನಡೆಯುತ್ತದೆ? ಒಂದು ಉದಾಹರಣೆ ಕೊಡುತ್ತೇನೆ. ಕಮ್ಮಟವೊಂದರಲ್ಲಿ ಒಬ್ಬ ಹುಡುಗ ತನ್ನ ಕಾದಂಬರಿಯ ಮೂರು ಪುಟ ಓದಿದ. ತಂದೆಯ ತಿಥಿಯ ದಿನ, ಪಂಕ್ತಿಯಲ್ಲಿ ಅಣ್ಣತಮ್ಮಂದಿರು ಕೂತಿದ್ದಾರೆ, ಜಮೀನಿನ ಮಾತು ಏಳುತ್ತದೆ. ಭಾಷೆ ಚೆನ್ನಾಗಿತ್ತು. ಎಲ್ಲರೂ ಮೆಚ್ಚಿದರು. ಆಗ ರಾಯಚೂರು ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: 'ಉಣ್ಣಾಕ ಕುಂತವರು ಎದ್ದೇ ಇಲ್ಲಲ್ಲ ರೀ. ಮುಂದಿನ ಸಾಲಿನಾಗ ಅವರು ಬಸ್ಸಿನಾಗ ಅದಾರ. ಆ ಜಗಳ ಎಲ್ಲಿಗೆ ಮುಗೀತು?' ಹುಡುಗ ಪುಟ ತಿರುಗಿಸಿ ನೋಡಿದ. ನಿಜವಾಗಿಯೂ ಜಗಳ ಮುಗಿದಿರಲಿಲ್ಲ. ಹಿರಿಯಣ್ಣ ಎಲೆ ಮಡಿಸಿ ಎದ್ದನೋ, ಅರ್ಧಕ್ಕೆ ಬಿಟ್ಟು ಎದ್ದನೋ, ತಾಯಿ ಏನಂದಳು, ಯಾವುದೂ ಅಲ್ಲಿರಲಿಲ್ಲ. ಅವನ ತಲೆಯಲ್ಲಿ ಆ ದೃಶ್ಯ ಎಷ್ಟು ಪೂರ್ತಿಯಾಗಿತ್ತೆಂದರೆ ಕಾಗದದ ಮೇಲೆ ಬಂದಿಲ್ಲ ಎನ್ನುವುದೇ ಅವನಿಗೆ ಕಂಡಿರಲಿಲ್ಲ. ಅವತ್ತು ರಾತ್ರಿ ಊಟ ಆದ ಮೇಲೆ ಅವನು ಆ ಎಲೆ ಮಡಿಸುವ ಕ್ಷಣವನ್ನು ಬರೆದ. ಮರುದಿನ ಬೆಳಗ್ಗೆ ಓದಿದಾಗ ಇಡೀ ಕಾದಂಬರಿ ಯಾರದ್ದು ಎನ್ನುವುದೇ ಬದಲಾಗಿತ್ತು. ಅದು ತಾಯಿಯ ಕಾದಂಬರಿಯಾಗಿತ್ತು.

ಒಬ್ಬರೇ ಕಾಡಿನಲ್ಲಿ ಕೂತಿದ್ದರೆ ಈ ಪ್ರಶ್ನೆಯನ್ನು ಯಾರು ಕೇಳುತ್ತಿದ್ದರು? ಸಭಾಂಗಣದ ಐದನೇ ಸಾಲಿನಲ್ಲಿ ಕೂತು ಪ್ರಸಿದ್ಧ ಲೇಖಕರ ಮಾತು ಕೇಳಿದರೂ ಇದು ಹೊಳೆಯುವುದಿಲ್ಲ. ನಿಮ್ಮ ಬರಹವನ್ನು, ನಿಮ್ಮ ಪರಿಚಯವಿಲ್ಲದ, ನಿಮ್ಮ ಸೀಮೆಯದಲ್ಲದ ಓದುಗರೊಬ್ಬರು ಗಮನವಿಟ್ಟು ಕೇಳಿಸಿಕೊಳ್ಳುವುದೇ ಕಮ್ಮಟದ ದೊಡ್ಡ ಉಪಕಾರ. ಕನ್ನಡದಲ್ಲಂತೂ ಇದಕ್ಕೆ ಇನ್ನೊಂದು ಬೆಲೆ ಇದೆ. ಮಂಗಳೂರಿನವರ ಮಾತು ಬಳ್ಳಾರಿಯವರಿಗೆ, ಹಾಸನದವರ ಮಾತು ಬೀದರಿನವರಿಗೆ ಎಷ್ಟು ತಲುಪುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ, ಎಲ್ಲಿ ಅರ್ಥವಾಗದಿದ್ದರೂ ರುಚಿಯಾಗುತ್ತದೆ ಎನ್ನುವುದನ್ನು ಬಾಯಿಬಿಟ್ಟು ಓದಿಯೇ ತಿಳಿಯಬೇಕು. ಬೆಂಗಳೂರಿನ ಕಚೇರಿ ಕನ್ನಡದಲ್ಲಿ ಮಾತಾಡಿ ಮಾತಾಡಿ ನಮ್ಮ ಸಂಭಾಷಣೆಗಳೆಲ್ಲ ಒಂದೇ ದನಿಯವಾಗುತ್ತಿವೆ. ಕಮ್ಮಟದ ಊಟದ ಮನೆಯಲ್ಲಿ ಕೂತರೆ ಆ ಜಡ್ಡು ಸ್ವಲ್ಪ ಬಿಡುತ್ತದೆ.

ಮಿತಿಯೂ ಇದೆ. ಹೆಚ್ಚಿನ ಕಮ್ಮಟಗಳು ಸಣ್ಣಕಥೆಯನ್ನೋ ಕವಿತೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ನಡೆಯುತ್ತವೆ. ಮುನ್ನೂರು ಪುಟದ ಬಂಧ ಹೇಗಿರಬೇಕು ಎನ್ನುವುದಕ್ಕೆ ಅಲ್ಲಿ ಜಾಗ ಸಾಲುವುದಿಲ್ಲ. ಹಾಗಾಗಿ ಕಾದಂಬರಿಕಾರರು ಅಲ್ಲಿಗೆ ಒಂದು ಸ್ವತಂತ್ರ ಅಧ್ಯಾಯ ಒಯ್ಯಬೇಕು. ಹಿಂದುಮುಂದು ಹೇಳದೆಯೂ ನಿಲ್ಲುವಂಥದ್ದು. 'ಇದಕ್ಕೆ ಮೊದಲು ಹೀಗಾಗಿರುತ್ತೆ' ಎಂದು ಹತ್ತು ನಿಮಿಷ ವಿವರಿಸಿದರೆ ಓದಲು ಉಳಿಯುವುದು ಐದೇ ನಿಮಿಷ. ವಯಸ್ಸಿನ ಮಿತಿಯನ್ನೂ ನೋಡಿಕೊಳ್ಳಿ. ಯುವ ಬರಹಗಾರರ ಕಮ್ಮಟ ಎಂದರೆ ಸಾಮಾನ್ಯವಾಗಿ ನಲವತ್ತು ದಾಟಿದವರಿಗೆ ಬಾಗಿಲು ಮುಚ್ಚಿರುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ, ನಿವೃತ್ತಿಯ ಹೊಸ್ತಿಲಲ್ಲಿ ಮೊದಲ ಕಾದಂಬರಿಗೆ ಕೈಹಾಕುವವರು ನಮ್ಮಲ್ಲಿ ಕಡಿಮೆಯಿಲ್ಲ, ಅವರಿಗೂ ಒಂದು ಕಮ್ಮಟ ಬೇಕು. ಸದ್ಯಕ್ಕೆ ಅಂಥವರು ನಾಲ್ಕೈದು ಜನ ಸೇರಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲೋ ಕಬ್ಬನ್ ಪಾರ್ಕಿನಲ್ಲೋ ಓದಿಕೊಳ್ಳುವುದು ಒಳ್ಳೆಯ ದಾರಿ. ನಾಲ್ವರಲ್ಲಿ ಕನಿಷ್ಠ ಒಬ್ಬರು ನಿಮ್ಮ ಸ್ನೇಹಿತರಲ್ಲದವರಾಗಿರಲಿ.

ಹೆಗ್ಗೋಡು ಮತ್ತು ಕುಪ್ಪಳಿ

'ನೀನಾಸಮ್ಮಿಗೆ ಹೋಗಿಬಂದರೆ ಬರೆಯೋಕೆ ಶುರು ಮಾಡ್ತೀನಿ' ಎನ್ನುವ ಮಾತನ್ನು ಬೆಂಗಳೂರಿನಲ್ಲಿ ಬಹಳ ಕೇಳುತ್ತೇವೆ. ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದು ಹೋಗುವುದು ಒಳ್ಳೆಯದು. 1949ರಲ್ಲಿ ಹುಟ್ಟಿದ, ಕೆ.ವಿ. ಸುಬ್ಬಣ್ಣನವರು ಬೆಳೆಸಿದ ಹೆಗ್ಗೋಡಿನ ನೀನಾಸಂ ಮುಖ್ಯವಾಗಿ ರಂಗಭೂಮಿಯ ಮನೆ. ಅಕ್ಟೋಬರ್ ಹೊತ್ತಿಗೆ ನಡೆಯುತ್ತ ಬಂದಿರುವ ಸಂಸ್ಕೃತಿ ಶಿಬಿರದಲ್ಲಿ ಹಗಲು ಉಪನ್ಯಾಸ, ಚರ್ಚೆ. ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ನಿಮ್ಮ ಹಸ್ತಪ್ರತಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒಂದು ನಾಟಕ ನೋಡಿ, ಮರುದಿನ ಬೆಳಗ್ಗೆ ಅದನ್ನೇ ಹಿಡಿದು ನೂರು ಜನ ವಾದ ಮಾಡುವುದನ್ನು ಕೇಳಿದರೆ ಸಂಭಾಷಣೆ ಎನ್ನುವುದು ಕಿವಿಗೆ ಬೀಳುವ ರೀತಿಯೇ ಬದಲಾಗುತ್ತದೆ. ಪಾತ್ರಗಳು ಮಾತಾಡುವಾಗ ಎಲ್ಲಿ ನಿಂತಿರುತ್ತವೆ, ಕೈಯಲ್ಲಿ ಏನಿರುತ್ತದೆ ಎಂದು ಯೋಚಿಸದ ಕಾದಂಬರಿಕಾರರಿಗೆ ಇದು ಪಾಠ. ಬೆಂಗಳೂರಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಗ್ಗೆ ಸಾಗರ, ಅಲ್ಲಿಂದ ಹೆಗ್ಗೋಡಿಗೆ ಬಸ್ಸು.

ಕುಪ್ಪಳಿಯ ಸಂಗತಿ ಬೇರೆ. ಕುವೆಂಪು ಅವರ ಮನೆ, ಕವಿಶೈಲ, ಸುತ್ತಲಿನ ಕಾಡು ನೋಡಿ ಮನಸ್ಸು ತುಂಬಿಬರುತ್ತದೆ. ಕುವೆಂಪು ಪ್ರತಿಷ್ಠಾನದ ಆವರಣದಲ್ಲಿ ಶಿಬಿರ, ಕಮ್ಮಟಗಳೂ ನಡೆಯುತ್ತವೆ. ಅಂಥದ್ದೊಂದಕ್ಕೆ ಆಯ್ಕೆಯಾಗಿ ಹೋದರೆ ಬಹಳ ಒಳ್ಳೆಯದು. ಸುಮ್ಮನೆ ನೋಡಿಬರಲು ಹೋಗುವುದಾದರೆ ಮಾತ್ರ, ಬರೆಯುವ ಲೆಕ್ಕ ಇಟ್ಟುಕೊಳ್ಳದೆ ಹೋಗಿ.

ಏಕಾಂತಕ್ಕೆ ಹೊರಡುವ ಮುಂಚೆ ಒಂದು ಲೆಕ್ಕ

ಇನ್ನೂರೈವತ್ತು ಪುಟದ ಕನ್ನಡ ಕಾದಂಬರಿ ಎಂದರೆ ಸುಮಾರು 50,000 ಪದ. ಚೆನ್ನಾಗಿ ಬರೆಯುವ ದಿನ 1,500 ಪದ ಆಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ 6,000. ಅಂದರೆ ಊರಾಚೆಗೆ ಹೋಗಿ, ಒಂದು ನಿಮಿಷವೂ ಹಾಳು ಮಾಡದೆ ಬರೆದರೂ ಆಗುವುದು ಕಾದಂಬರಿಯ ಎಂಟನೇ ಒಂದು ಭಾಗ. ಅದೇ ಮನೆಯಲ್ಲಿ ದಿನಕ್ಕೆ 250 ಪದದಂತೆ ಬರೆದರೆ 200 ದಿನದಲ್ಲಿ ಪೂರ್ತಿ ಕರಡು ಸಿದ್ಧ. 250 ಪದ ಎಂದರೆ ಒಂದು ಪುಟ ಚಿಲ್ಲರೆ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ಕಿಗೆ ಮೆಟ್ರೊದಲ್ಲಿ ಬರುವಷ್ಟರಲ್ಲಿ ಮೊಬೈಲಿನಲ್ಲೇ ಬರೆದು ಮುಗಿಸುವವರು ನನಗೆ ಗೊತ್ತಿದ್ದಾರೆ.

ಹಾಗಾದರೆ ಏಕಾಂತ ಯಾತಕ್ಕೆ? ಓದುವುದಕ್ಕೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಬರೆಯುವುದಕ್ಕೆಂದೇ ಹೋಗುತ್ತಾರೆ. ದಿನಕ್ಕೊಂದು ಪುಟದಂತೆ ತಿಂಗಳುಗಟ್ಟಲೆ ಬರೆದವರಿಗೆ ತಮ್ಮ ಕಾದಂಬರಿ ಒಟ್ಟಾಗಿ ಹೇಗಿದೆ ಎನ್ನುವುದೇ ಗೊತ್ತಿರುವುದಿಲ್ಲ. ಮೂರನೇ ಅಧ್ಯಾಯದಲ್ಲಿ ಸತ್ತ ಎಮ್ಮೆ ಹನ್ನೊಂದರಲ್ಲಿ ಹಾಲು ಕೊಡುತ್ತಿರುತ್ತದೆ. ಮಗಳ ಮದುವೆಗೆ ಮುಂಚಿನ ಎರಡು ವರ್ಷ ಎಲ್ಲೋ ಕಾಣೆಯಾಗಿರುತ್ತದೆ. ಇಡೀ ಕರಡನ್ನು ಮುದ್ರಿಸಿಕೊಂಡು, ಫೋನು ಪಕ್ಕಕ್ಕಿಟ್ಟು, ಎರಡು ದಿನದಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಿದರೆ ಮಾತ್ರ ಇವು ಕಾಣುತ್ತವೆ. ಸಂಸಾರದ ನಡುವೆ ಸಿಗದಿರುವುದು ಅಂಥ ಮುರಿಯದ ಎರಡು ದಿನ. ಮೂರನೇ ದಿನ ಅಧ್ಯಾಯಗಳ ಪಟ್ಟಿ ಮಾಡಿ ಹಿಂದುಮುಂದು ಜೋಡಿಸಿ, ನಾಲ್ಕನೇ ದಿನ ಬೇಡವಾದ್ದನ್ನು ಕಿತ್ತುಹಾಕಿ ವಾಪಸ್ ಬನ್ನಿ. ಆಮೇಲಿನ ಬರವಣಿಗೆ ಮನೆಯಲ್ಲೇ ನಡೆಯುತ್ತದೆ.

ತೇಜಸ್ವಿಯವರ ಹಾಗೆ ಕಾಡಿನಲ್ಲಿದ್ದರೆ ಬರವಣಿಗೆ ಬರುತ್ತದೆ ಎಂಬ ಆಸೆ ಕನ್ನಡದ ಹೊಸ ಬರಹಗಾರರಲ್ಲಿ ಆಳವಾಗಿದೆ. ತೇಜಸ್ವಿ ಮೂಡಿಗೆರೆಗೆ ಹೋದದ್ದು ತೋಟ ಮಾಡಿಕೊಂಡು ಬದುಕಲು. ಆಳುಗಳು, ನೆರೆಯವರು, ಸಂತೆ, ಬೇಟೆ, ಸಾಲ ಎಲ್ಲದರ ನಡುವೆ ಅವರು ಇದ್ದರು. ನಾಲ್ಕು ದಿನದ ಅತಿಥಿಗೆ ಆ ಕಾಡು ಕಿಟಕಿಯಾಚೆಯ ಹಸಿರಾಗಿಯೇ ಉಳಿಯುತ್ತದೆ. ನಿಮ್ಮ ಕಾದಂಬರಿ ಪೀಣ್ಯದ ಕಾರ್ಖಾನೆಯದ್ದಾದರೆ ಅದಕ್ಕೆ ಬೇಕಾದ್ದು ಪೀಣ್ಯದಲ್ಲೇ ಇದೆ.

ಜಾಗ ಹೇಗೆ ಆರಿಸುವುದು? ಲೇಖಕರು ಆಯ್ಕೆಯಾಗಿ ಹೋಗಿ, ಅಲ್ಲೇ ಉಳಿದು ಬರೆಯುವ ರೆಸಿಡೆನ್ಸಿಗಳಲ್ಲಿ ಬೆಂಗಳೂರಿಗೆ ಹತ್ತಿರದ ಹೆಸರು ಸಂಗಮ್ ಹೌಸ್. 2008ರಲ್ಲಿ ಆರಂಭವಾದ ಅದು ಹಲವು ವರ್ಷ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ನಡೆಯಿತು. ಭಾರತೀಯ ಭಾಷೆಗಳ ಲೇಖಕರಿಗೂ ಅಲ್ಲಿ ಜಾಗವಿದೆ. ಇಂಥ ಕಡೆ ಅರ್ಜಿಯ ಜೊತೆ ಬರಹದ ಮಾದರಿ, ಅದರ ಇಂಗ್ಲಿಷ್ ಅನುವಾದ ಬೇಕಾಗುವುದುಂಟು. ಒಂದು ಅಧ್ಯಾಯವನ್ನಾದರೂ ಒಳ್ಳೆಯ ಅನುವಾದಕರಿಂದ ಮಾಡಿಸಿ ಇಟ್ಟುಕೊಂಡಿರಿ. ಮೊದಲ ಕರಡೂ ಇಲ್ಲದವರು ಅರ್ಜಿ ಹಾಕಲು ಅವಸರಪಡಬೇಕಿಲ್ಲ.

ಸ್ವಂತ ಖರ್ಚಿನಲ್ಲಿ ಹೋಗುವುದಾದರೆ ವಾರದ ನಡುವೆ ಹೋಗಿ. ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಬೆಂಕಿ ಹಾಕಿಕೊಂಡು ಹಾಡು ಹಚ್ಚುವವರು ನಮ್ಮ ಊರಿನವರೇ. ಸೋಮವಾರದಿಂದ ಗುರುವಾರದವರೆಗೆ ಬಾಡಿಗೆಯೂ ಇಳಿದಿರುತ್ತದೆ, ಸದ್ದೂ ಇರುವುದಿಲ್ಲ. ಕೋಣೆಯಲ್ಲಿ ಮೇಜು, ಬೆನ್ನು ಕೊಡುವ ಕುರ್ಚಿ ಇದೆಯೇ ಎಂದು ಫೋಟೊ ತರಿಸಿಕೊಂಡು ನೋಡಿ. ನೋಟ ಚೆನ್ನಾಗಿದ್ದು ಮೇಜಿಲ್ಲದ ಕೋಣೆ ಈ ಕೆಲಸಕ್ಕೆ ಬಾರದು. ಮಲೆನಾಡೇ ಆಗಬೇಕೆಂದಿಲ್ಲ, ಮೇಲುಕೋಟೆ ಮೂರು ಗಂಟೆಯ ದಾರಿ, ಜಾತ್ರೆ, ಉತ್ಸವ ಇಲ್ಲದ ವಾರ ಆರಿಸಿಕೊಂಡರೆ ಮೌನ ತಾನಾಗಿ ಸಿಗುತ್ತದೆ. ಅದೂ ಆಗದವರು ಎರಡು ದಿನ ರಜೆ ಹಾಕಿ, ಊರು ಬಿಡದೆ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂರಬಹುದು. ಕರಡು ಓದಲು ಆ ಕೆಂಪು ಕಟ್ಟಡಕ್ಕಿಂತ ಒಳ್ಳೆಯ ಜಾಗವನ್ನು ದುಡ್ಡು ಕೊಟ್ಟರೂ ಹುಡುಕುವುದು ಕಷ್ಟ.

ದುಡ್ಡು ಕೊಟ್ಟು ಹೋಗುವ ಶಿಬಿರಗಳು

ವಾರಾಂತ್ಯದ ಖಾಸಗಿ ಬರವಣಿಗೆ ಶಿಬಿರಗಳು ಬೆಂಗಳೂರಿನ ಸುತ್ತ ಹೆಚ್ಚಾಗುತ್ತಿವೆ. ಒಳ್ಳೆಯವೂ ಇವೆ. ಶುಲ್ಕ ಕಟ್ಟುವ ಮುನ್ನ ಒಂದು ಗುಣಾಕಾರ ಮಾಡಿ. ಎರಡು ದಿನ, ದಿನಕ್ಕೆ ಆರು ಗಂಟೆ, ಅಂದರೆ 720 ನಿಮಿಷ. ಅದರಲ್ಲಿ ಅರ್ಧ ಉಪನ್ಯಾಸಕ್ಕೆ ಹೋದರೆ ಉಳಿದದ್ದು 360. ಶಿಬಿರಾರ್ಥಿಗಳು 20 ಆದರೆ ನಿಮ್ಮ ಬರಹದ ಮೇಲೆ ಮಾತಾಡಲು ಸಿಗುವುದು 18 ನಿಮಿಷ. ಎಂಟೇ ಜನ ಇದ್ದರೆ 45. ನಡೆಸುವವರ ಹೆಸರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಈ ಅಂಕಿ ಮುಖ್ಯ. ನನ್ನ ಪುಟಗಳನ್ನು ಶಿಬಿರಕ್ಕೆ ಮೊದಲೇ ಓದಿರುತ್ತೀರಾ, ಎಷ್ಟು ಪುಟ, ಓದುವವರು ನೀವೋ ಸಹಾಯಕರೋ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ. ಒಳ್ಳೆಯ ಶಿಬಿರ ನಡೆಸುವವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ.

ಶಿಬಿರದ ಕೊನೆಗೆ ಪುಸ್ತಕವನ್ನೂ ಪ್ರಕಟಿಸಿಕೊಡುತ್ತೇವೆ, ಇಷ್ಟು ಕಟ್ಟಿ ಎನ್ನುವ ಕಡೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಆ ದುಡ್ಡು ಖರ್ಚು ಮಾಡದೆಯೂ ದಾರಿಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಬುಕ್ ಬ್ರಹ್ಮ ಕಾದಂಬರಿ ಸ್ಪರ್ಧೆ ನಡೆಸುತ್ತದೆ. ಮೂವತ್ತರೊಳಗಿನವರಿಗೆ ಬೆಂಗಳೂರಿನ ಟೋಟೊ ಫಂಡ್ಸ್ ದಿ ಆರ್ಟ್ಸ್ ಕನ್ನಡ ಸೃಜನಶೀಲ ಬರವಣಿಗೆಗೆಂದೇ ಪುರಸ್ಕಾರ ಇಟ್ಟಿದೆ. ಕಾದಂಬರಿಯ ನಡುವೆ ಸಣ್ಣಕಥೆಗಳೂ ಬರೆದಿದ್ದರೆ, ಮೊದಲ ಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕದ ಬಹುಮಾನವಿದೆ, ಬಿಡಿ ಕಥೆಗೆ ಪ್ರಜಾವಾಣಿಯ ದೀಪಾವಳಿ ಸ್ಪರ್ಧೆ ಇದೆ. ಇವುಗಳ ಕೊನೆಯ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ವರ್ಷಕ್ಕೆ ಹತ್ತು ದಿನ ಮಾತ್ರ ರಜೆ ಇರುವವರು ಹೀಗೆ ಹಂಚಿಕೊಳ್ಳಬಹುದು: ತಿಂಗಳಿಗೊಂದು ಸಂವಾದ, ಅದಕ್ಕೆ ರಜೆ ಬೇಕಿಲ್ಲ. ಕಮ್ಮಟಕ್ಕೆ ಮೂರು ದಿನ. ಕರಡು ಮುಗಿದ ವರ್ಷ ಏಕಾಂತಕ್ಕೆ ನಾಲ್ಕು ದಿನ. ಮುಗಿಯದ ವರ್ಷ ಆ ನಾಲ್ಕನ್ನು ಹೆಗ್ಗೋಡಿಗೆ ಕೊಡಿ. ಉಳಿದ ಮೂರು ಮನೆಯವರಿಗೆ ಮೀಸಲು. ಮಿಕ್ಕ ವರ್ಷವೆಲ್ಲ ನೀವು ಬಾಗಿಲು ಹಾಕಿಕೊಂಡು ಕೂತಾಗ ಕುಕ್ಕರ್ ಇಳಿಸಿದವರು, ಮಕ್ಕಳ ಹೋಮ್‌ವರ್ಕ್ ನೋಡಿದವರು ಅವರೇ.